ರಾಗಿ ಹುಟ್ಟಿದ ಸೀಮೆಗೆ ರಾಗಿ ಹಿಟ್ಟು ಹೊತ್ತುಕೊಂಡು ಹೋದೆ

ಕೀನ್ಯಾದ ಕಿಸುಮು ಊರಿನ ಕಿಬುಯೆ ಸಂತೆಯಲ್ಲಿ ಆ ಭಾನುವಾರ ನಿಂತಲ್ಲೇ ನಕ್ಕುಬಿಟ್ಟೆ. ಗೋಣಿತಾಟಿನ ಮೇಲೆ ಗುಡ್ಡೆ ಹಾಕಿದ್ದ ಕೆಂಪು ಕಾಳು ನಮ್ಮ ರಾಗಿ! ಅಲ್ಲಿ ಅದಕ್ಕೆ ವಿಂಬಿ ಅನ್ನುತ್ತಾರೆ. ಬೆಳಗ್ಗೆ ಅದರದ್ದೇ ಗಂಜಿ, ಹೆಸರು ಉಜಿ. ನಾನೋ ಹನುಮಂತನಗರದಿಂದ ಮೂರು ಕಿಲೋ ರಾಗಿ ಹಿಟ್ಟು ಹೊತ್ತುಕೊಂಡು ಬಂದಿದ್ದೆ. ರಾಗಿ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂದಿದ್ದೇ ಪೂರ್ವ ಆಫ್ರಿಕಾದಿಂದ ಅಂತ ಆಮೇಲೆ ತಿಳಿಯಿತು. ಅಲ್ಲಿಗೆ ಸ್ವಯಂಸೇವಕಿಯಾಗಿ ಹೋಗೋಕೆ ನಾನು ಮಾಡಿಕೊಂಡ ತಯಾರಿಯಲ್ಲಿ ಮುಕ್ಕಾಲು ಪಾಲು ಇದೇ ಜಾತಿಯದು.

ನಾನು ವೃತ್ತಿಯಿಂದ ಲೆಕ್ಕಪತ್ರದವಳು. ಇಪ್ಪತ್ತು ವರ್ಷ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿದ್ದೇನೆ. 2019ರಲ್ಲಿ ಸಂಬಳವಿಲ್ಲದ ರಜೆ ಹಾಕಿ ಮೂರು ತಿಂಗಳು ಕೀನ್ಯಾಕ್ಕೆ ಹೋದೆ. ಮಹಿಳಾ ಉಳಿತಾಯ ಗುಂಪುಗಳಿಗೆ ಲೆಕ್ಕ ಬರೆಯುವುದನ್ನು ಹೇಳಿಕೊಡೋದು ಕೆಲಸ. ಯಾಕೆ ಹೋದೆ ಅಂದರೆ ದೊಡ್ಡ ಕಾರಣ ಏನೂ ಇಲ್ಲ. ಮಗ ಹಾಸ್ಟೆಲ್ ಸೇರಿದ್ದ, ಮನೆ ಖಾಲಿ ಖಾಲಿ ಅನ್ನಿಸುತ್ತಿತ್ತು.

ಮೊದಲು ಸಿಕ್ಕ ಸಂಸ್ಥೆ ವಾರಕ್ಕಿಷ್ಟು ಅಂತ ಡಾಲರ್‌ನಲ್ಲಿ ಶುಲ್ಕ ಕೇಳಿತು. ಅನಾಥಾಶ್ರಮದ ಮಕ್ಕಳಿಗೆ ಎರಡು ವಾರ ಇಂಗ್ಲಿಷ್ ಹೇಳಿಕೊಡಬೇಕು, ಶನಿವಾರ ಸಫಾರಿ. ನನಗೆ ಪಾಠ ಮಾಡಿ ಅಭ್ಯಾಸವಿಲ್ಲ ಅಂದೆ. ಪರವಾಗಿಲ್ಲ ಅಂದರು. ಅಲ್ಲೇ ನನಗೆ ಅನುಮಾನ ಬಂತು. ನಮ್ಮ ಬೀದಿಯ ಶಾಲೆಗೆ ಹದಿನೈದು ದಿನಕ್ಕೊಬ್ಬ ಹೊಸ ಮೇಷ್ಟ್ರು ಬಂದು, ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಹೋದರೆ ನಾವು ಸುಮ್ಮನಿರುತ್ತೇವಾ? ಇಂಥ ಆಶ್ರಮಗಳಲ್ಲಿ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದೇ ಇರುತ್ತಾರೆ ಅನ್ನುವುದು ಬೇರೆ ಮಾತು. ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆಯನ್ನೂ ನೋಡಿದೆ. 1970ರಲ್ಲಿ ಹುಟ್ಟಿದ್ದು, ಮುಖ್ಯ ಕಚೇರಿ ಜರ್ಮನಿಯ ಬಾನ್‌ನಲ್ಲಿದೆ. ಖರ್ಚಿಗೆ ತಿಂಗಳ ಭತ್ಯೆ ಕೊಡುತ್ತಾರೆ. ಆದರೆ ಅಷ್ಟು ದೀರ್ಘ ಕಾಲ ರಜೆ ನನಗೆ ಸಿಗುತ್ತಿರಲಿಲ್ಲ. ಕೊನೆಗೆ ಪರಿಚಯದವರ ಮೂಲಕ ಕಿಸುಮುವಿನ ಒಂದು ಸಣ್ಣ ಸಂಸ್ಥೆ ಸಿಕ್ಕಿತು. ಅವರು ಕೇಳಿದ ಮೊದಲ ಪ್ರಶ್ನೆಯೇ “ನಿಮಗೆ ಏನು ಬರುತ್ತೆ?” ಊಟ, ವಸತಿ ಅವರದು, ಟಿಕೆಟ್ ನನ್ನದು. ಒಪ್ಪಿಕೊಂಡೆ.

ಕಾಗದಪತ್ರಕ್ಕೆ ಮೂರು ತಿಂಗಳು ಹಿಡಿಯಿತು, ತಪ್ಪು ನನ್ನದೇ. ಅವರು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿದ್ದರು. ಅದನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಪಡೆಯಬೇಕು, ಶುಲ್ಕ 500 ರೂಪಾಯಿ. ನನ್ನ ಪಾಸ್‌ಪೋರ್ಟ್‌ನಲ್ಲಿ ಇನ್ನೂ ಹಳೇ ಬಾಡಿಗೆ ಮನೆ ವಿಳಾಸವೇ ಇತ್ತು. ಮೊದಲು 1500 ರೂಪಾಯಿ ಕಟ್ಟಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿಕೊಂಡು, ಆಮೇಲೆ ಇದಕ್ಕೆ ಅರ್ಜಿ ಹಾಕಿದೆ. ಹೋಗುವ ಮನಸ್ಸಿದ್ದವರು ಇವತ್ತೇ ಪಾಸ್‌ಪೋರ್ಟ್ ತೆಗೆದು ವಿಳಾಸ ನೋಡಿಕೊಳ್ಳಿ. ಇನ್ನೊಂದು ವಿಷಯ: ಸಂಬಳವಿಲ್ಲದ ಕೆಲಸ ತಾನೇ ಅಂತ ಪ್ರವಾಸಿಯಾಗಿ ಹೋಗಿ ಕೆಲಸ ಮಾಡುವಂತಿಲ್ಲ. ಕೀನ್ಯಾದಲ್ಲಿ ಇಂಥ ಅಲ್ಪಾವಧಿ ಕೆಲಸಕ್ಕೆ ಸ್ಪೆಷಲ್ ಪಾಸ್ ಅಂತ ಬೇರೆಯೇ ಇದೆ. ಅದನ್ನು ಅಲ್ಲಿನ ಸಂಸ್ಥೆಯೇ ಮಾಡಿಸಿತು. “ಅದೆಲ್ಲ ಬೇಡ ಬನ್ನಿ” ಅನ್ನುವವರು ಸಿಕ್ಕರೆ ಹೋಗಬೇಡಿ.

ಹಳದಿ ಜ್ವರದ ಲಸಿಕೆ ವಿಷಯದಲ್ಲಿ ನನಗೊಂದು ತಪ್ಪು ಕಲ್ಪನೆ ಇತ್ತು. ನಿಜವಾಗಿ ಅದು ಬೇಕಾಗುವುದು ಅಲ್ಲಿಗೆ ಹೋಗುವುದಕ್ಕಿಂತ ವಾಪಸ್ ಬರೋಕೆ! ನಮ್ಮ ದೇಶದಲ್ಲಿ ಆ ರೋಗ ಇಲ್ಲ. ಆದರೆ ಅದನ್ನು ಹರಡುವ ಸೊಳ್ಳೆ, ಅಂದರೆ ಡೆಂಗಿಯ ಸೊಳ್ಳೆಯೇ, ಬೇಕಾದಷ್ಟಿದೆ. ಹಾಗಾಗಿ ಕೀನ್ಯಾದಂಥ ದೇಶದಿಂದ ಬರುವವರ ಹತ್ತಿರ ಲಸಿಕೆಯ ಪತ್ರ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಕೂರಿಸಬಹುದು. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಪತ್ರ ಚಾಲ್ತಿಗೆ ಬರುತ್ತದೆ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು, ಮೊಟ್ಟೆ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು.

ಮಲೇರಿಯಾಕ್ಕೆ ಲಸಿಕೆ ಅಲ್ಲ, ಮಾತ್ರೆ. ಕಿಸುಮು ಇರೋದು ವಿಕ್ಟೋರಿಯಾ ಸರೋವರದ ದಂಡೆಯಲ್ಲಿ, ಸೊಳ್ಳೆಗಳ ತವರು. ಡಾಕ್ಟರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ಹೊರಡುವ ಒಂದೆರಡು ದಿನ ಮುಂಚೆ ಶುರು ಮಾಡಿ, ದಿನಾ ಒಂದರಂತೆ, ವಾಪಸ್ ಬಂದ ಮೇಲೂ ನಾಲ್ಕು ವಾರ ತೆಗೆದುಕೊಳ್ಳಬೇಕು. ಊಟವಾದ ಮೇಲೆ ತುಂಬಾ ನೀರಿನ ಜೊತೆ ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು. ಒಂದು ರಾತ್ರಿ ಮಲಗಿದೆ. ಎದೆಯಲ್ಲಿ ಮೆಣಸಿನಕಾಯಿ ಸಿಕ್ಕಿಕೊಂಡ ಹಾಗಾಯಿತು.

ಹೊರಡುವ ಹಿಂದಿನ ದಿನದ ರಂಪ ಇನ್ನೂ ಚೆನ್ನಾಗಿದೆ. ಅಮ್ಮ ಹಿಟ್ಟು, ಚಟ್ನಿಪುಡಿ, ಹುರಿಗಡಲೆ ಎಲ್ಲವನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟಿದ್ದರು. ಕೀನ್ಯಾ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. ದಂಡ 40 ಲಕ್ಷ ಶಿಲ್ಲಿಂಗ್‌ವರೆಗೆ, ಇಲ್ಲವೇ 4 ವರ್ಷದವರೆಗೆ ಜೈಲು. “ಚಟ್ನಿಪುಡಿಗೆ ಜೈಲಿಗೆ ಹೋಗ್ತೀಯೇನೇ?” ಅಂತ ಅಮ್ಮ ರಾತ್ರಿ ಹನ್ನೊಂದಕ್ಕೆ ಎಲ್ಲವನ್ನೂ ಬಟ್ಟೆ ಚೀಲಕ್ಕೂ ಸ್ಟೀಲ್ ಡಬ್ಬಿಗೂ ತುಂಬಿದರು. ಸೂಟ್‌ಕೇಸ್‌ನ ತೂಕ ಹೆಚ್ಚಾಗಿ ನನ್ನ ಎರಡು ಜೊತೆ ಬಟ್ಟೆ ಮನೆಯಲ್ಲೇ ಉಳಿಯಿತು.

ಬೆಂಗಳೂರಿನಿಂದ ಮುಂಬೈ, ಅಲ್ಲಿಂದ ನೈರೋಬಿ, ಆಮೇಲೆ ಒಂದಿಡೀ ದಿನ ಬಸ್ಸು. ಕೆರಿಚೊ ಹತ್ತಿರ ಕಣ್ಣು ಹಾಯಿಸಿದಷ್ಟೂ ಚಹಾ ತೋಟ.

ಭಾಷೆಗೂ ಸಿದ್ಧಳಾಗಿದ್ದೆ. ನಾಲ್ಕು ತಿಂಗಳು ಬಸ್ಸಿನಲ್ಲಿ ಕೂತು ಮೊಬೈಲ್‌ನಲ್ಲಿ ಸ್ವಾಹಿಲಿ ಕಲಿತಿದ್ದೆ. ಗಾಡಿಗೆ ಗಾರಿ, ಅಂಗಡಿಗೆ ದುಕಾ, ಚಹಾಗೆ ಚಾಯ್, ಚಪಾತಿಗೆ ಚಪಾತಿ. ಸಲೀಸು ಅಂದುಕೊಂಡೆ. ಮೊದಲ ಸಭೆಯಲ್ಲಿ ಯಾರೂ ಸ್ವಾಹಿಲಿ ಆಡಲಿಲ್ಲ. ಕಿಸುಮುವಿನ ಜನ ಲುವೊಗಳು, ಮನೆಮಾತು ಧೊಲುವೊ. ಸ್ವಾಹಿಲಿ ಅವರಿಗೆ ಪೇಟೆಯ, ಶಾಲೆಯ ಭಾಷೆ. ಹಿಂದಿ ಕಲಿತು ಬಂದು ಮಾಗಡಿಯ ಹಳ್ಳಿಯಲ್ಲಿ ನಿಂತು ಮಾತಾಡುವವರನ್ನು ನಾವು ಹೇಗೆ ನೋಡುತ್ತೇವೆ, ಹಾಗೇ ನೋಡಿದರು. ತಕ್ಷಣ ಒಂದು ಪದ ಕಲಿತೆ: ಎರೋಕಮಾನೊ, ಅಂದರೆ ಧನ್ಯವಾದ. ಮೂರು ತಿಂಗಳು ಅದೇ ನನ್ನನ್ನು ಕಾಪಾಡಿತು.

ಆ ಮೊದಲ ಸಭೆಗೆ ಮುಂಚೆ ಒಂದು ಸಭೆ ತಪ್ಪಿಸಿಕೊಂಡಿದ್ದೆ. “ಸಾ ತಾತು” ಅಂತ ಮೆಸೇಜ್ ಬಂದಿತ್ತು. ಸಾ ಅಂದರೆ ಗಂಟೆ, ತಾತು ಅಂದರೆ ಮೂರು. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಹೋದೆ. ಮರದ ಕೆಳಗೆ ಎರಡು ಕೋಳಿ ಬಿಟ್ಟರೆ ಯಾರೂ ಇಲ್ಲ. ಅಲ್ಲಿ ಗಂಟೆ ಲೆಕ್ಕ ಶುರುವಾಗುವುದು ಬೆಳಕು ಹರಿದ ಮೇಲೆ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಒಂಬತ್ತು ಅವರಿಗೆ ಮೂರು. ಭೂಮಧ್ಯರೇಖೆಯ ಪಕ್ಕದ ಊರು, ವರ್ಷಪೂರ್ತಿ ಸೂರ್ಯ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹುಟ್ಟುತ್ತಾನೆ. ಆ ಲೆಕ್ಕ ಅವರಿಗೆ ಸರಿಯಾಗೇ ಇದೆ. ಮುಂದಿನ ವಾರ ಸಭೆಗೆ ಬಾರದ್ದಕ್ಕೆ 50 ಶಿಲ್ಲಿಂಗ್ ದಂಡ ಹಾಕಿದರು. ಅತಿಥಿ ಅಂತ ಬಿಡಲಿಲ್ಲ. ಕಟ್ಟಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತಿನಿಂದ ನಾನು ‘ನ್ಯಾರ್ ಇಂಡಿಯಾ’, ಇಂಡಿಯಾದ ಮಗಳು.

ಇನ್ನು ನನ್ನ ಲ್ಯಾಪ್‌ಟಾಪ್ ವಿಷಯ. ಎಕ್ಸೆಲ್‌ನಲ್ಲಿ ಚೆಂದದ ಲೆಕ್ಕದ ಹಾಳೆ ಮಾಡಿಕೊಂಡು ಹೋಗಿದ್ದೆ. ಅವರ ಬಳಿ ಇದ್ದದ್ದು ಮೂರು ಬೀಗದ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಮೂರು ಕೀಲಿ ಬೇರೆ ಮೂವರ ಹತ್ತಿರ. ವಾರಕ್ಕೊಮ್ಮೆ ಎಲ್ಲರ ಕಣ್ಣೆದುರು ತೆಗೆಯುತ್ತಾರೆ. ಒಬ್ಬೊಬ್ಬರೂ ಒಂದರಿಂದ ಐದು ಷೇರು ಕೊಳ್ಳಬಹುದು. ಷೇರಿಗೊಂದು ಮುದ್ರೆ ಪಾಸ್‌ಬುಕ್ಕಿನಲ್ಲಿ ಬೀಳುತ್ತದೆ. ಓದು ಬಾರದವರೂ ಮುದ್ರೆ ಎಣಿಸಿಕೊಳ್ಳಬಹುದು. ಆ ಹಣದಿಂದಲೇ ಸಾಲ, ಸಾಲಕ್ಕೆ ಬಡ್ಡಿ, ವರ್ಷದ ಕೊನೆಗೆ ಷೇರಿನ ಪ್ರಕಾರ ಎಲ್ಲವನ್ನೂ ಹಂಚಿ ಪೆಟ್ಟಿಗೆ ಖಾಲಿ. ಕೇರ್ ಸಂಸ್ಥೆ 1991ರಲ್ಲಿ ನೈಜರ್ ದೇಶದಲ್ಲಿ ಶುರು ಮಾಡಿದ ಪದ್ಧತಿ ಇದು. ಸಭೆ ಮುಗಿಯುವಾಗ ಖಜಾಂಚಿ ಪೆಟ್ಟಿಗೆಯಲ್ಲಿ ಎಷ್ಟಿದೆ ಅಂತ ಕೂಗಿ ಹೇಳುತ್ತಾಳೆ. ಮುಂದಿನ ವಾರ ಪೆಟ್ಟಿಗೆ ತೆಗೆಯುವ ಮುಂಚೆ ಎಲ್ಲರೂ ಆ ಮೊತ್ತವನ್ನು ನೆನಪಿನಿಂದ ಹೇಳಬೇಕು. ಇಪ್ಪತ್ತು ಹೆಂಗಸರು ಒಟ್ಟಿಗೆ! ನಮ್ಮ ಆಡಿಟರ್‌ಗೂ ಇಷ್ಟು ನೆನಪಿರಲಿಕ್ಕಿಲ್ಲ. ಎರಡನೇ ವಾರ ಲ್ಯಾಪ್‌ಟಾಪ್ ಚೀಲದೊಳಗೆ ಹೋಯಿತು.

ಉಪಯೋಗಕ್ಕೆ ಬಂದದ್ದು ಬೇರೆ. ನಮ್ಮಮ್ಮ ವಠಾರದಲ್ಲಿ ಚೀಟಿ ನಡೆಸುತ್ತಿದ್ದರು. ಯಾರು ಮೊದಲು ಚೀಟಿ ಎತ್ತಿ ಆಮೇಲೆ ಕಂತು ಕಟ್ಟದೆ ಸತಾಯಿಸುತ್ತಾರೆ, ಯಾರ ಗಂಡ ದುಡ್ಡು ಕಿತ್ತುಕೊಳ್ಳುತ್ತಾನೆ, ಇದೆಲ್ಲ ನಾನು ಹುಡುಗಿಯಾಗಿದ್ದಾಗಲೇ ಬಾಗಿಲ ಸಂದಿಯಿಂದ ಕೇಳಿದ್ದೆ. ಅಲ್ಲಿನ ಚಾಮಾ, ಅಂದರೆ ಅವರ ಉಳಿತಾಯ ಕೂಟ, ನಮ್ಮ ಚೀಟಿಯ ಅಕ್ಕತಂಗಿ. ಹೊರಡುವ ಮುಂಚೆ ಮಾಗಡಿ ಕಡೆಯ ಒಂದು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಎರಡು ಸಲ ಸುಮ್ನೆ ಮೂಲೆಯಲ್ಲಿ ಕೂತು ಬಂದಿದ್ದೆ. ನಾಲ್ಕು ತಿಂಗಳ ಸ್ವಾಹಿಲಿಗಿಂತ ಆ ಎರಡು ಮಧ್ಯಾಹ್ನ ಜಾಸ್ತಿ ಕೆಲಸಕ್ಕೆ ಬಂತು.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು 2016ರ ನವೆಂಬರ್ 8ರ ರಾತ್ರಿ. ಹೇಗೆ ಅಂತೀರಾ? ನಾನು ಹೋಗುವ ಕೆಲವೇ ದಿನ ಮುಂಚೆ, 2019ರ ಜೂನ್ 1ರಂದು, ಕೀನ್ಯಾ ಹೊಸ ನೋಟು ಬಿಡುಗಡೆ ಮಾಡಿತ್ತು. ಹಳೆಯ 1000 ಶಿಲ್ಲಿಂಗ್ ನೋಟು ಸೆಪ್ಟೆಂಬರ್ 30ರ ನಂತರ ನಡೆಯುವುದಿಲ್ಲ. ಪೆಟ್ಟಿಗೆಯಲ್ಲಿ ಇದ್ದದ್ದೇ ಹೆಚ್ಚಾಗಿ ಆ ನೋಟು. ಗುಂಪಿನಲ್ಲಿ ಗುಸುಗುಸು ನಡೆದಿತ್ತು. ಇನ್ನೂ ಟೈಮಿದೆ ಬಿಡು ಅಂತ ಕೆಲವರು, ಬ್ಯಾಂಕಿಗೆ ಹೋದರೆ ಪ್ರಶ್ನೆ ಕೇಳುತ್ತಾರೆ ಅಂತ ಕೆಲವರು.

“ನಿಮ್ಮಲ್ಲೂ ಹೀಗೆ ಆಗಿತ್ತಂತಲ್ಲ?” ಅಂತ ಖಜಾಂಚಿ ಕೇಳಿದಳು. ಹೇಳಿದೆ. ರಾತ್ರಿ ಎಂಟಕ್ಕೆ ಟಿವಿಯಲ್ಲಿ ಹೇಳಿದರು, ಮಧ್ಯರಾತ್ರಿಗೆ 500, 1000 ರೂಪಾಯಿ ನೋಟು ರದ್ದು. ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿ ಅಪ್ಪನಿಗೆ ಗೊತ್ತಿಲ್ಲದೆ ಕೂಡಿಟ್ಟಿದ್ದ ಹಣ ಮಾರನೇ ದಿನ ಊಟದ ಮೇಜಿನ ಮೇಲೆ ಬಂತು. ಬ್ಯಾಂಕಿನ ಕ್ಯೂನಲ್ಲಿ ಅಮ್ಮನಿಗೆ ಸ್ಟೂಲ್ ಹಾಕಿಕೊಟ್ಟು ನಾನು ಆಫೀಸಿಗೆ ಓಡಿದ್ದೆ. ಅನುವಾದ ಮಾಡುತ್ತಿದ್ದ ಹುಡುಗಿ ಸಾಸಿವೆ ಡಬ್ಬಿಗೆ ಬಂದಾಗ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಒಂದು ಕ್ಷಣ ಮೌನ. ಒಬ್ಬ ಅಜ್ಜಿ ಸೊಂಟಕ್ಕೆ ಸುತ್ತಿದ್ದ ಲೆಸೊ ಬಟ್ಟೆಯ ಗಂಟು ಬಿಚ್ಚಿ ಏಳು ನೋಟು ಹೊರಗಿಟ್ಟರು. ನಮ್ಮ ಸೆರಗಿನ ಗಂಟು ಹೇಗೋ ಹಾಗೇ.

ಸೆಪ್ಟೆಂಬರ್ ತನಕ ಕಾಯಬೇಡಿ ಅಂತ ಮಾತ್ರ ಹೇಳಿದೆ. ಉಳಿದದ್ದು ಅವರೇ ಮಾಡಿಕೊಂಡರು. ಪೆಟ್ಟಿಗೆಯ ಹಣವನ್ನು ಕೀಲಿ ಹಿಡಿದವರು ಬ್ಯಾಂಕಿಗೆ ಒಯ್ದರು. ಉಳಿದವರು ಸ್ವಲ್ಪ ಸ್ವಲ್ಪವಾಗಿ ಎಂ-ಪೆಸಾ ಏಜೆಂಟ್ ಹತ್ತಿರ ಮೊಬೈಲ್‌ಗೆ ತುಂಬಿಸಿದರು. 2007ರಿಂದ ಅಲ್ಲಿ ಮೊಬೈಲ್‌ನಲ್ಲೇ ಹಣ ಓಡಾಡುತ್ತಿದೆ, ಆ ವಿಷಯದಲ್ಲಿ ನಮಗಿಂತ ಮುಂದೆ. ಜುಲೈ ಮುಗಿಯುವ ಹೊತ್ತಿಗೆ ಆ ಗುಂಪಿನಲ್ಲಿ ಒಂದೂ ಹಳೇ ನೋಟು ಉಳಿದಿರಲಿಲ್ಲ.

ಬೇಸರವೂ ಇತ್ತು. ಒಂದು ಗುಂಪು ನಾನು ಹೋದಾಗಲೆಲ್ಲ ಸಾಲ ಕೊಡಿಸಿ ಅಂತ ಕೇಳುತ್ತಿತ್ತು. ಮುಹಿಂದಿ, ಅಂದರೆ ಇಂಡಿಯಾದವರು, ಎಲ್ಲರೂ ಅಂಗಡಿ ಮಾಲೀಕರು ಅಂತಲೇ ಅವರ ಲೆಕ್ಕ. ರೈಲು ಹಾಕಲು ಬಂದವರ ಕಾಲದಿಂದಲೂ ಅಲ್ಲಿ ನಮ್ಮವರ ಅಂಗಡಿಗಳಿವೆ. 1901ರಲ್ಲಿ ರೈಲು ಕಿಸುಮು ತಲುಪಿತ್ತು. ಇಲ್ಲ ಅಂದಿದ್ದಕ್ಕೆ ಆ ಗುಂಪು ಕೊನೆಯವರೆಗೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಊಟದ ಕಷ್ಟ ಇರಲಿಲ್ಲ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ಜೊತೆಗೆ ಸುಕುಮಾ ವಿಕಿ ಅನ್ನುವ ಸೊಪ್ಪಿನ ಪಲ್ಯ. ನಾನು ಉಗಾಲಿಯನ್ನು ಮುದ್ದೆಯ ಹಾಗೆ ಅಗಿಯದೆ ನುಂಗುವುದನ್ನು ನೋಡಿ ಮನೆಯ ಮಕ್ಕಳು ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುತ್ತಿದ್ದರು.

ವಾಪಸ್ ಬರುವಾಗ ಅಮ್ಮನಿಗೆ ಅಂತ ಕಿಬುಯೆ ಸಂತೆಯಿಂದ ಎರಡು ಕಿಲೋ ವಿಂಬಿ ಹಿಟ್ಟು ತಂದೆ, ಬಟ್ಟೆ ಚೀಲದಲ್ಲೇ. ಅಮ್ಮ ಮುದ್ದೆ ತಿರುವಿದರು, ಬಸ್ಸಾರಿನ ಜೊತೆ ಒಂದು ತುತ್ತು ನುಂಗಿದರು.

“ಪರವಾಗಿಲ್ಲ ಕಣೇ. ಆದ್ರೆ ಬೀಸಿದ್ದು ತರಿಯಾಯ್ತು” ಅಂದರು.