ಮೀನು ಹತ್ತದ ಕಟ್ಟೆ: ನನ್ನ ಅನುಭವ

ಪುಣೆ ಹತ್ತಿರ ಮುಳಶಿಯ ಒಂದು ಹಳ್ಳದಲ್ಲಿ ಎರಡು ವರ್ಷ ಹೂಳು ತೆಗೆಸಿದೆವು, ದಡಕ್ಕೆ ಗಿಡ ನೆಟ್ಟೆವು. ಮೀನು ಮಾತ್ರ ಹಳ್ಳದ ಮೇಲ್ಭಾಗಕ್ಕೆ ಬರಲಿಲ್ಲ.

ತಪ್ಪು ತೋರಿಸಿದ್ದು ಊರಲ್ಲಿ ಬಲೆ ಹಾಕುವ ಕಾಕಾ. ಜೂನಿನ ಮೊದಲ ಮಳೆಗೆ ನನ್ನನ್ನು ಹಳೇ ಕಾಂಕ್ರೀಟ್ ಕಟ್ಟೆಯ ಕೆಳಗೆ ನಿಲ್ಲಿಸಿದರು. ಬೆರಳುದ್ದದ ಮೀನುಗಳು ನೆಗೆದು, ಕಟ್ಟೆಗೆ ಬಡಿದು ಬೀಳುತ್ತಿದ್ದವು. 'ಚಢಣೀಚೆ ಮಾಸೆ' ಅಂದರು, ಮರಾಠಿಯಲ್ಲಿ ಏರುವ ಮೀನು ಅಂತ. ಅರೆ, ನಮ್ಮ ಮಲೆನಾಡಿನ ಹತ್ತುಮೀನು ಇದೇ ಅಲ್ವಾ! ಮೊಟ್ಟೆ ಇಡಲು ಹೊರಟ ಸಣ್ಣ ಮೀನಿಗೆ ಒಂದೂವರೆ ಅಡಿಯೂ ಗೋಡೆಯೇ.

ಕಟ್ಟೆ ಒಡೆಯಲು ರೈತರು ಒಪ್ಪಲಿಲ್ಲ. ಅವರ ಪಂಪಿಗೆ ಆ ನೀರೇ ಬೇಕು. ಅದಕ್ಕೆ ಕಟ್ಟೆಯ ಕೆಳಗೆ 30 ಅಡಿ ಉದ್ದದ ಕಲ್ಲಿನ ಇಳಿಜಾರು ಮಾಡಿದೆವು. 20 ಅಡಿಗೆ 1 ಅಡಿ ಏರು, ಅಷ್ಟೇ. ದುಡ್ಡು ಕೊಡುವವರ ಪಟ್ಟಿಯಲ್ಲಿ ಕೆಲಸ ಜುಲೈಗಿತ್ತು. ಮೀನು ಹತ್ತುವ ಮೊದಲ ಮಳೆಗೆ ಮುಂಚೆ ಮುಗಿಯಲಿ ಅಂತ, ಸುಮ್ನೆ ಕೂರದೆ ಜಗಳ ಮಾಡಿ ಮೇ ತಿಂಗಳಿಗೆ ತಂದೆ.

ಕಲ್ಲು ಜೋಡಿಸಿದ ಮೇಸ್ತ್ರಿ ವಿಜಯಪುರದವರು. "ಸಾಹೇಬ್ರ, ಒತ್ತಿ ಇಡೂದು ಬ್ಯಾಡ್ರಿ. ನಡುವ ಸಂದು ಬಿಡೂಣು, ಮೀನಕ್ಕೂ ದಮ್ಮು ಹತ್ತತೈತ್ರಿ" ಅಂದರು. ನಕ್ಷೆಯಲ್ಲಿ ಅದೇ ಇತ್ತು, ನಾನೇ ಮರೆತಿದ್ದೆ.

ಮುಂದಿನ ಮಳೆಗೆ ಮೀನು ಹತ್ತಿದವು. ಈಗ ಆ ಇಳಿಜಾರಿನಲ್ಲಿ ಯಾರೂ ಬಲೆ ಹಾಕದಂತೆ ಕಾಕಾನೇ ಕಾಯುತ್ತಾರೆ.