ಹೊಸ ಬಾಕ್ಸರ್ ಗಟ್ಟಿಯೋ, ಬರೀ ಬಿಲ್ಡಪ್ಪೋ? ಹೀಗೆ ನೋಡಿ

ಮೊದಲೇ ಹೇಳಿಬಿಡುತ್ತೇನೆ, ರೀಲ್ಸ್ ನೋಡಿ ಯಾವ ಬಾಕ್ಸರ್‌ಗೂ ಮಾರ್ಕ್ಸ್ ಕೊಡಬೇಡಿ. ಮೂವತ್ತು ಸೆಕೆಂಡಿನ ವಿಡಿಯೋಗೆ ಒಂದು ಬಿಜಿಎಂ ಹಾಕಿಬಿಟ್ಟರೆ ಎಲ್ಲರೂ ಮೈಕ್ ಟೈಸನ್ ಥರಾನೇ ಕಾಣುತ್ತಾರೆ. ಇಷ್ಟು ಪಂದ್ಯ, ಇಷ್ಟು ನಾಕೌಟ್, ಸೋಲೇ ಇಲ್ಲ ಅಂತ ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಎದುರಿಗೆ ಬಿದ್ದವನು ಯಾರು ಅಂತ ಮಾತ್ರ ಎಲ್ಲೂ ಇರುವುದಿಲ್ಲ.

ದಾವಣಗೆರೆಯವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದವರು ಪೈಲ್ವಾನ ಗೆದ್ದ ಅಂದ ತಕ್ಷಣ ಕೇಳುವುದು, "ಜೋಡಿ ಯಾರಿದ್ದ?" ಬಾಕ್ಸಿಂಗ್‌ನಲ್ಲೂ ಅದನ್ನೇ ಕೇಳಿ. ಬಾಕ್ಸರ್‌ಗಳ ಪಂದ್ಯಗಳ ದಾಖಲೆ ಇಡುವ ಬಾಕ್ಸ್‌ರೆಕ್ ವೆಬ್‌ಸೈಟ್‌ನಲ್ಲಿ ಹುಡುಗನ ಹೆಸರು ಹುಡುಕಿ. ಅವನ ಗೆಲುವಿನ ಲೆಕ್ಕ ಹಾಗಿರಲಿ, ಅವನು ಸೋಲಿಸಿದವರ ಹೆಸರು ಒಂದೊಂದಾಗಿ ತೆರೆಯಿರಿ. ಆ ಹೊತ್ತಿಗೆ ಅವರು ಗೆಲ್ಲುತ್ತಾ ಬಂದಿದ್ದರೋ, ಸಾಲಾಗಿ ಸೋಲುತ್ತಾ ಬಂದಿದ್ದರೋ? ವಯಸ್ಸೆಷ್ಟು? ಕಡಿಮೆ ತೂಕದ ವಿಭಾಗದಿಂದ ಮೇಲೆ ಬಂದವರಾ?

ಇದನ್ನು ಮೋಸ ಅನ್ನೋಕಾಗಲ್ಲ. ಪ್ರೊಮೋಟರ್ ದುಡ್ಡು ಹಾಕಿರುತ್ತಾನೆ. ಹುಡುಗನನ್ನು 4 ರೌಂಡ್‌ನ ಪಂದ್ಯದಿಂದ 6ಕ್ಕೆ, 8ಕ್ಕೆ, 10ಕ್ಕೆ ಮೆಲ್ಲಗೆ ಏರಿಸುತ್ತಾನೆ, ಪ್ರಶಸ್ತಿಯ ಪಂದ್ಯ ಅಂದರೆ 12. ಶುರುವಿನಲ್ಲಿ ಸುಲಭದ ಜೋಡಿ ಕೊಡುವುದು ಎಲ್ಲ ಕಡೆ ಇರುವುದೇ. ಹದಿನೈದು ಪಂದ್ಯ ಆದಮೇಲೂ ಅಂಥ ಜೋಡಿಯೇ ಸಿಗುತ್ತಿದ್ದರೆ ಅನುಮಾನ ಪಡಿ.

ಅಮೆರಿಕದ ಬಾಕ್ಸರ್ ಎಡ್ಗರ್ ಬರ್ಲಾಂಗಾನನ್ನೇ ನೋಡಿ. ಆಡಿದ ಮೊದಲ 16 ಪಂದ್ಯವನ್ನೂ ಮೊದಲ ರೌಂಡ್‌ನಲ್ಲೇ ಮುಗಿಸಿದ್ದ. ಹವಾ ಹೇಗಿತ್ತು ಅಂತೀರಿ! 2021ರ ಏಪ್ರಿಲ್‌ನಲ್ಲಿ ಡಿಮಂಡ್ ನಿಕಲ್ಸನ್‌ನನ್ನು ನಾಲ್ಕು ಸಲ ಕೆಡವಿದರೂ ಪಂದ್ಯ 8 ರೌಂಡ್ ಪೂರ್ತಿ ನಡೆಯಿತು. ಅದೇ ವರ್ಷ ಕೊಸೆರೆಸ್ ಎದುರು 9ನೇ ರೌಂಡ್‌ನಲ್ಲಿ ಅವನೇ ನೆಲಕ್ಕೆ ಬಿದ್ದ, ಪಾಯಿಂಟ್ ಮೇಲೆ ಗೆದ್ದ. 2024ರಲ್ಲಿ ಮೆಕ್ಸಿಕೋದ ಚಾಂಪಿಯನ್ ಕನೆಲೊ ಎದುರು ಸೋತ, 2025ರಲ್ಲಿ ಹಮ್ಜಾ ಶಿರಾಜ್ 5ನೇ ರೌಂಡ್‌ನಲ್ಲಿ ಮುಗಿಸಿಬಿಟ್ಟ. ಕೆಟ್ಟ ಬಾಕ್ಸರ್ ಏನಲ್ಲ ಅವನು. ಆದರೆ ಆ 16 ಪಂದ್ಯಗಳಿಂದ ಅವನ ಬಗ್ಗೆ ಗೊತ್ತಾಗಿದ್ದು ತುಂಬಾ ಕಡಿಮೆ.

ಇನ್ನೊಂದು ಬಲೆ ಇದೆ, ಹಳೇ ದೊಡ್ಡ ಹೆಸರು. 2025ರ ಆಗಸ್ಟ್‌ನಲ್ಲಿ ರಿಯಾದ್‌ನಲ್ಲಿ 20 ವರ್ಷದ ಮೋಸೆಸ್ ಇಟೌಮಾ, ಡಿಲಿಯನ್ ವೈಟ್‌ನನ್ನು ಮೊದಲ ರೌಂಡ್‌ನಲ್ಲೇ ಮಲಗಿಸಿದ. ಕೈಯ ವೇಗ ನೋಡಿ ನಾನೂ ಬೆರಗಾದೆ. ಆದರೆ ವೈಟ್‌ಗೆ ಆಗ 37 ವರ್ಷ, ಅವನ ಒಳ್ಳೇ ದಿನಗಳು ಹಿಂದೆ ಉಳಿದಿದ್ದವು. ಇಟೌಮಾ ಅಲ್ಲಿಯವರೆಗೆ 7ನೇ ರೌಂಡ್ ಅಂದರೆ ಏನು ಅಂತಲೇ ನೋಡಿರಲಿಲ್ಲ. ಪ್ರತಿಭೆ ಇದೆ ಅನ್ನಿ, ಪರವಾಗಿಲ್ಲ. ಮುಂದಿನ ಚಾಂಪಿಯನ್ ಅನ್ನೋದಕ್ಕೆ ಆ ಒಂದು ಪಂದ್ಯ ಸಾಲದು.

ಸರಿ, ಈಗ ಪೂರ್ತಿ ಪಂದ್ಯ ಹಾಕಿಕೊಳ್ಳಿ, ಹೈಲೈಟ್ಸ್ ಬೇಡ. ಸೌಂಡ್ ಮ್ಯೂಟ್ ಮಾಡಿ, ಯಾಕಂದರೆ ಕಾಮೆಂಟೇಟರ್‌ಗಳು ಯಾರ ಹೆಸರಲ್ಲಿ ಟಿಕೆಟ್ ಮಾರಾಟ ಆಗಿದೆಯೋ ಅವನನ್ನೇ ಹೊಗಳುತ್ತಿರುತ್ತಾರೆ. ಪಂಚ್ ಹಾಕಿದ ಮೇಲೆ ಕೈ ಗಲ್ಲದ ಹತ್ತಿರ ವಾಪಸ್ ಬರುತ್ತಿದೆಯಾ, ಇಲ್ಲ ಸೊಂಟದ ಹತ್ತಿರ ಜೋತಾಡುತ್ತಿದೆಯಾ? ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಪಂಚ್, ಸುಮ್ನೆ ಗಾಳಿಗೆ ಬಿಡುತ್ತಾನಾ, ಅದರಿಂದ ಎದುರಾಳಿಯನ್ನು ತಡೆದು ನಿಲ್ಲಿಸುತ್ತಾನಾ? ಪಕ್ಕೆಗೆ, ಹೊಟ್ಟೆಗೆ ಹೊಡೆಯುತ್ತಾನಾ? ತಲೆಯನ್ನೇ ಹುಡುಕುವವನು ರೀಲ್ಸ್‌ಗೆ ಚೆನ್ನ, ತಲೆ ಅಲ್ಲಾಡಿಸುತ್ತಾ ತಪ್ಪಿಸಿಕೊಳ್ಳುವವನು ಸಿಕ್ಕರೆ ಪರದಾಡುತ್ತಾನೆ. ರೌಂಡ್‌ಗಳ ನಡುವೆ ಕಾರ್ನರ್‌ನಲ್ಲಿ ಕೂತಾಗ ಬಾಯಿ ತೆರೆದು ಏದುಸಿರು ಬಿಡುತ್ತಿದ್ದಾನಾ, ಅದನ್ನೂ ನೋಡಿ.

ಎಲ್ಲಕ್ಕಿಂತ ಮುಖ್ಯ, ಹೊಡೆತ ತಿಂದ ಮೇಲಿನ ಇಪ್ಪತ್ತು ಸೆಕೆಂಡ್. ರಿವೈಂಡ್ ಮಾಡಿ ಮತ್ತೆ ನೋಡಿ. 2024ರ ಮೇನಲ್ಲಿ ಟೋಕಿಯೋ ಡೋಮ್‌ನಲ್ಲಿ ಜಪಾನಿನ ಚಾಂಪಿಯನ್ ನವೋಯಾ ಇನೊವೆ ತನ್ನ ವೃತ್ತಿಯಲ್ಲೇ ಮೊದಲ ಸಲ ನೆಲ ಕಂಡ, ಅದೂ ಮೊದಲ ರೌಂಡ್‌ನಲ್ಲಿ, ಲೂಯಿಸ್ ನೆರಿ ಕೈಯಲ್ಲಿ. ಗಡಿಬಿಡಿಯಿಂದ ಏಳಲಿಲ್ಲ. ಮೊಣಕಾಲೂರಿ ರೆಫರಿಯ ಎಣಿಕೆ ಕೇಳಿಸಿಕೊಂಡ, ಎದ್ದ, ಆ ರೌಂಡ್ ಹುಷಾರಾಗಿ ದಾಟಿಸಿದ. 2ನೇ ರೌಂಡ್‌ನಲ್ಲಿ ನೆರಿಯನ್ನು ಕೆಡವಿ, 6ನೇದರಲ್ಲಿ ಮುಗಿಸಿದ. ನೀವು ನೋಡುತ್ತಿರುವ ಹುಡುಗ ಇನ್ನೂ ಒಂದೂ ಸರಿಯಾದ ಹೊಡೆತ ತಿಂದಿಲ್ಲ ಅಂದರೆ ತೀರ್ಪು ಕೊಡುವ ಹೊತ್ತು ಇನ್ನೂ ಬಂದಿಲ್ಲ ಅಂತಲೇ, ಅಲ್ವಾ?

ಅಮೆಚೂರ್ (ಹವ್ಯಾಸಿ) ಬಾಕ್ಸಿಂಗ್‌ನ ಪದಕ ನೋಡಿ ಅಳೆಯುವವರು ಒಂದು ನೆನಪಿಡಿ. ಅಲ್ಲಿ ಮೂರು ನಿಮಿಷದ ಮೂರೇ ರೌಂಡ್. ನಿಶಾಂತ್ ದೇವ್ ಹರಿಯಾಣದವನಾದರೂ 2021ರಲ್ಲಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಕರ್ನಾಟಕದ ಪರ ರಾಷ್ಟ್ರೀಯ ಚಿನ್ನ ಗೆದ್ದವನು. 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ. ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಮೊದಲ ರೌಂಡ್ ಗೆದ್ದು, ಕೊನೆಗೆ ಐವರು ತೀರ್ಪುಗಾರರ 4-1 ತೀರ್ಪಿನಲ್ಲಿ ಮಾರ್ಕೊ ವರ್ಡೆಗೆ ಸೋತ. ತೀರ್ಪಿನ ಬಗ್ಗೆ ಗಲಾಟೆ ಆಯಿತು, ಆಗಲಿ. 2025ರ ಜನವರಿಯಲ್ಲಿ ಪ್ರೊ (ವೃತ್ತಿಪರ) ಆದ. ನನಗೂ ಇವನ ಮೇಲೆ ಅಭಿಮಾನ ಇದೆ, ಆದರೂ ಒಂಬತ್ತು ನಿಮಿಷಕ್ಕೆ ಪಳಗಿದ ದಮ್ಮು 12 ರೌಂಡ್‌ನ ಮೂವತ್ತಾರು ನಿಮಿಷಕ್ಕೆ ಸಾಕಾಗುತ್ತದಾ ಅಂತಲೇ ನೋಡಬೇಕು.

ಇನ್ನು ಸ್ಕೋರ್ ನೀವೇ ಹಾಕಿ. ರೌಂಡ್ ಗೆದ್ದವನಿಗೆ 10, ಸೋತವನಿಗೆ 9, ಒಂದು ಸಲ ಕೆಳಗೆ ಬಿದ್ದರೆ ಸಾಮಾನ್ಯವಾಗಿ 8. ಅಮೆರಿಕದ ಶನಿವಾರ ರಾತ್ರಿಯ ಪಂದ್ಯ ನಮಗೆ ಭಾನುವಾರ ಬೆಳಗ್ಗೆ, ಬೆಣ್ಣೆ ದೋಸೆ ಹೊತ್ತಿಗೆ ಬರುತ್ತದೆ. ಲೈವ್ ಆಗಲಿಲ್ಲ ಅಂದರೆ ಫೋನ್ ದೂರ ಇಟ್ಟು, ಫಲಿತಾಂಶ ಗೊತ್ತಾಗುವ ಮೊದಲೇ ನೋಡಿ. ಗೆದ್ದ ಅಂತ ಗೊತ್ತಿದ್ದರೆ ಅವನು ಗಾಳಿಗೆ ಹೊಡೆದಿದ್ದೂ ಎದುರಾಳಿಗೆ ತಾಗಿದ ಹಾಗೇ ಕಾಣುತ್ತದೆ.