ಅಮೆರಿಕದಲ್ಲಿ ನರ್ಸಿಂಗ್ ಸೀಟಿಗೆ ಅಪ್ಲೈ ಮಾಡೋ ಮುಂಚೆ ಈ ಲೆಕ್ಕ ನೋಡ್ಕೊಳ್ಳಿ

ಆಸ್ಪತ್ರೆಗಳಲ್ಲಿ ನರ್ಸ್‌ಗಳೇ ಸಿಕ್ತಿಲ್ಲ ಅಂತ ಎಲ್ಲಾ ಕಡೆ ಕೇಳ್ತೀವಲ್ಲ, ಹಾಗಾದ್ರೆ ಸೀಟು ಸಲೀಸಾಗಿ ಸಿಗತ್ತೆ ಅಂದ್ಕೊಂಡು ನಾನು ಮೊದಲ್ನೇ ಸಲ ಒಂದೇ ಕಾಲೇಜಿಗೆ ಅಪ್ಲೈ ಮಾಡಿದ್ದೆ, ರಿಜೆಕ್ಟ್ ಆಯ್ತು, ತುಂಬಾ ಅತ್ತೆ. ಆಮೇಲೆ ಗೊತ್ತಾಯ್ತು, 2023ರಲ್ಲಿ ಇಲ್ಲಿನ ಬ್ಯಾಚುಲರ್ಸ್ ಮತ್ತು ಅದಕ್ಕಿಂತ ಮೇಲಿನ ನರ್ಸಿಂಗ್ ಕೋರ್ಸ್‌ಗಳಲ್ಲಿ ಅರ್ಹತೆ ಇದ್ದೂ ಸೀಟು ಸಿಗದೆ ಹೋದ ಅಪ್ಲಿಕೇಶನ್ನುಗಳೇ 65,766. ಪಾಠ ಮಾಡೋರು ಸಾಲ್ತಿಲ್ಲ, ಯಾಕಂದ್ರೆ ಮಾಸ್ಟರ್ಸ್ ಮಾಡಿದ ನರ್ಸ್‌ಗೆ ಆಸ್ಪತ್ರೇಲೇ ಜಾಸ್ತಿ ಸಂಬಳ. ಜೊತೆಗೆ ಕ್ಲಿನಿಕಲ್ಸ್‌ಗೆ, ಅಂದ್ರೆ ರೋಗಿಗಳ ಜೊತೆ ಮಾಡೋ ಪ್ರಾಕ್ಟಿಕಲ್ ತರಬೇತಿಗೆ, ಆಸ್ಪತ್ರೆಗಳಲ್ಲಿ ಜಾಗ ಇಲ್ಲ. ಹಾಗಾಗಿ ಸೀಟು ಸಿಗ್ಲಿಲ್ಲ ಅಂದ್ರೆ ನಿಮ್ಗೆ ಯೋಗ್ಯತೆ ಇಲ್ಲ ಅಂತ ಅಲ್ವೇ ಅಲ್ಲ, ಆದ್ರೆ ಲೆಕ್ಕ ಹಾಕಿ ಅಪ್ಲೈ ಮಾಡ್ಬೇಕು.

ಮೊದ್ಲು ದಾರಿ ಆರಿಸ್ಕೊಳ್ಳಿ. ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಎಡಿಎನ್ (ಅಸೋಸಿಯೇಟ್ ಡಿಗ್ರಿ), ನಾಲ್ಕು ವರ್ಷದ ಬಿಎಸ್‌ಎನ್ (ಬ್ಯಾಚುಲರ್ಸ್ ಡಿಗ್ರಿ), ಬೇರೆ ಡಿಗ್ರಿ ಆಗ್ಲೇ ಇರೋರಿಗೆ ಒಂದು ಒಂದೂವರೆ ವರ್ಷದ ಆಕ್ಸಲರೇಟೆಡ್ ಬಿಎಸ್‌ಎನ್. ಯಾವ್ದೇ ಮಾಡಿದ್ರೂ ಕೊನೆಗೆ ಬರೆಯೋದು ಅದೇ ಎನ್‌ಕ್ಲೆಕ್ಸ್ ಆರ್‌ಎನ್, ಅಂದ್ರೆ ನರ್ಸ್ ಲೈಸೆನ್ಸ್ ಪರೀಕ್ಷೆ. ಊರಲ್ಲಿ ಡಿಗ್ರಿ ಮಾಡ್ಕೊಂಡು ಬಂದೋರು ಮಾರ್ಕ್ಸ್ ಕಾರ್ಡಿನ ಕೋರ್ಸ್ ಬೈ ಕೋರ್ಸ್ ಇವ್ಯಾಲ್ಯುಯೇಶನ್ (ಪ್ರತಿ ಸಬ್ಜೆಕ್ಟೂ ಇಲ್ಲಿನ ಯಾವ ಕೋರ್ಸಿಗೆ ಸಮ ಅಂತ ನೋಡೋದು) ಇವತ್ತೇ ಶುರು ಮಾಡಿ, ನಮ್ಮ ಯೂನಿವರ್ಸಿಟಿಗಳು ಟ್ರಾನ್ಸ್‌ಕ್ರಿಪ್ಟ್ ಕಳ್ಸೋಕೆ ಎಷ್ಟು ಸತಾಯಿಸ್ತಾರೆ ಅಂತ ನಿಮ್ಗೇ ಗೊತ್ತು.

ಈಗ ಮುಖ್ಯ ವಿಷಯ. ಪ್ರತಿ ಕಾಲೇಜೂ ಸೆಲೆಕ್ಷನ್ ಹೇಗೆ ಮಾಡತ್ತೆ ಅನ್ನೋದು ಬೇರೆ ಬೇರೆ, ಕೆಲವು ಕಡೆ ಪಾಯಿಂಟ್ಸ್, ಕೆಲವು ಕಡೆ ಲಾಟರಿ, ಕೆಲವು ಕಡೆ ವೇಯ್ಟ್‌ಲಿಸ್ಟ್. ಪಾಯಿಂಟ್ಸ್ ಇರೋ ಕಡೆ ಆ ಕಾಲೇಜಿನ ಪಾಯಿಂಟ್ಸ್ ಶೀಟ್ ಇಳಿಸ್ಕೊಂಡು ಪೆನ್ನು ಹಿಡ್ಕೊಂಡು ನಿಮ್ಗೆ ನೀವೇ ಮಾರ್ಕ್ಸ್ ಹಾಕ್ಕೊಳ್ಳಿ. ಅನಾಟಮಿ ಫಿಸಿಯಾಲಜಿ, ಮೈಕ್ರೋಬಯಾಲಜಿ ಗ್ರೇಡುಗಳೇ ಹೆಚ್ಚಾಗಿ ತೂಕ. ಒಂದು ಸಬ್ಜೆಕ್ಟ್ ಮತ್ತೆ ತಗೊಂಡ್ರೆ ಹೊಸ ಗ್ರೇಡ್ ಹಿಡೀತಾರಾ, ಎರಡರ ಆವರೇಜಾ ಅಂತ ಕೇಳ್ಕೊಳ್ಳಿ, ಎಷ್ಟೋ ಕಡೆ ಐದು ಅಥವಾ ಏಳು ವರ್ಷ ದಾಟಿದ ಸೈನ್ಸ್ ಕ್ರೆಡಿಟ್ ಲೆಕ್ಕಕ್ಕೇ ಬರಲ್ಲ. ನನ್ನ ಮೈಕ್ರೋಬಯಾಲಜಿ ಒಂಬತ್ತು ವರ್ಷ ಹಳೇದು, ಆ ಕಾಲೇಜಲ್ಲಿ ಏಳು ವರ್ಷದ ರೂಲು, ಕೇಳೋಕೆ ಒಂದು ಇಮೇಲ್ ಸಾಕಿತ್ತು, ನಾನು ಕೇಳಿರ್ಲಿಲ್ಲ, ಒಂದು ವರ್ಷ ಹೋಯ್ತು.

ಎಂಟ್ರೆನ್ಸ್ ಪರೀಕ್ಷೆ ಸಾಮಾನ್ಯವಾಗಿ ಟೀಸ್ (TEAS) ಅಥವಾ ಹೆಸಿ ಎ2 (HESI A2). ಟೀಸಲ್ಲಿ 209 ನಿಮಿಷಕ್ಕೆ 170 ಪ್ರಶ್ನೆ: ರೀಡಿಂಗ್, ಮ್ಯಾಥ್ಸ್, ಸೈನ್ಸ್, ಇಂಗ್ಲಿಷ್. ಮ್ಯಾಥ್ಸ್ ನಮ್ಮೋರಿಗೆ ಕಷ್ಟ ಆಗಲ್ಲ, ಒದ್ದಾಡ್ಸೋದು ಸೈನ್ಸು, ಅದಕ್ಕೆ ಅನಾಟಮಿ ಮುಗ್ಸಿದ ತಕ್ಷಣ, ತಲೇಲಿ ಬಿಸಿಬಿಸಿಯಾಗಿರುವಾಗ್ಲೇ ಬರೀರಿ.

ಎಸ್ಸೇ ಬಗ್ಗೆ ಹೇಳೋದೇನೂ ಜಾಸ್ತಿ ಇಲ್ಲ, ನಿಜ ಬರೀರಿ. ಸಿಎನ್‌ಎ (ನರ್ಸಿಂಗ್ ಅಸಿಸ್ಟೆಂಟ್) ಕೆಲಸ ಮಾಡಿದ್ರೆ ಎಷ್ಟೋ ಕಡೆ ಪಾಯಿಂಟ್ಸ್ ಇದೆ, ಆದ್ರೆ ಎಚ್4 ವೀಸಾದಲ್ಲಿ (ಎಚ್1ಬಿ ಥರದ ಕೆಲಸದ ವೀಸಾ ಇರೋರ ಕುಟುಂಬದ ವೀಸಾ) ಓದ್ಬಹುದೇ ಹೊರತು ಇಎಡಿ (ಕೆಲಸದ ಪರ್ಮಿಟ್) ಇಲ್ದೆ ಕೆಲಸ ಮಾಡೋಹಾಗಿಲ್ಲ, ಅಂಥೋರು ವಾಲಂಟಿಯರಿಂಗ್ ಅವಕಾಶ ಇದ್ಯಾ ಅಂತ ವಿಚಾರಿಸಿ.

ನಾಲ್ಕೈದು ಕಡೆ ಹಾಕಿ, ಆದ್ರೆ ಸುಲಭವಾಗಿ ಸೀಟು ಕೊಡೋ ದುಬಾರಿ ಪ್ರೈವೇಟ್ ಕಾಲೇಜು ಕಂಡ್ರೆ ದುಡ್ಡು ಕಟ್ಟೋ ಮುಂಚೆ ಸ್ಟೇಟ್ ಬೋರ್ಡ್ ಆಫ್ ನರ್ಸಿಂಗ್ ಅಪ್ರೂವಲ್, ಎಸಿಇಎನ್ ಅಥವಾ ಸಿಸಿಎನ್‌ಇ ಅನ್ನೋ ಸಂಸ್ಥೆಗಳ ಮಾನ್ಯತೆ, ಮೊದಲ ಪ್ರಯತ್ನದಲ್ಲೇ ಎನ್‌ಕ್ಲೆಕ್ಸ್ ಪಾಸಾದೋರ ಶೇಕಡಾ ಎಷ್ಟು, ಮೂರೂ ನೋಡಿ. ಇದನ್ನ ದಯವಿಟ್ಟು ಬಿಡ್ಬೇಡಿ. ಮಾನ್ಯತೆ ಇಲ್ದಿರೋ ಕಡೆ ಓದಿದ್ರೆ ಮುಂದೆ ಮಾಸ್ಟರ್ಸ್‌ಗೂ ಅಡ್ಡ ಬರತ್ತೆ.

ರಿಜೆಕ್ಟ್ ಆದ್ರೆ ಎಲ್ಲಿ ಪಾಯಿಂಟ್ ಕಮ್ಮಿ ಆಯ್ತು ಅಂತ ಅಡ್ವೈಸರ್‌ನ ಕೇಳಿ. ವೇಯ್ಟ್‌ಲಿಸ್ಟಲ್ಲಿದ್ರೆ ಪೇಪರ್ ಎಲ್ಲಾ ರೆಡಿ ಇಟ್ಕೊಳ್ಳಿ: ಸಿಪಿಆರ್ ಕಾರ್ಡು, ಹೆಪಟೈಟಿಸ್ ಬಿ, ದಡಾರ, ಚಿಕನ್‌ಪಾಕ್ಸ್ ಟೈಟರ್ (ರೋಗನಿರೋಧಕ ಶಕ್ತಿ ಇದ್ಯಾ ಅಂತ ನೋಡೋ ರಕ್ತದ ಟೆಸ್ಟ್). ನಾವೆಲ್ಲ ಚಿಕ್ಕೋರಿದ್ದಾಗ ಬಿಸಿಜಿ (ಟಿಬಿ ಲಸಿಕೆ) ಹಾಕಿಸ್ಕೊಂಡಿರೋದ್ರಿಂದ ಟಿಬಿ ಸ್ಕಿನ್ ಟೆಸ್ಟ್ ಸುಮ್ಸುಮ್ನೆ ಪಾಸಿಟಿವ್ ಬರ್ಬಹುದು, ರಕ್ತದ ಟೆಸ್ಟೇ ಮಾಡಿ ಅಂತ ಕೇಳಿ. ಎರಡನೇ ಸಲ ನಂಗೆ ಫೋನ್ ಬಂದಿದ್ದು ಕ್ಲಾಸ್ ಶುರುವಾಗೋಕೆ ಹತ್ತು ದಿನ ಇದ್ದಾಗ. ಶುಕ್ರವಾರದೊಳಗೆ ಪೇಪರ್ ಎಲ್ಲಾ ಕೊಡ್ತೀರಾ ಅಂದ್ರು, ಫೈಲ್ ಟೇಬಲ್ ಮೇಲೇ ಇತ್ತು.